ಬರಿಗಾಲಿನ ತಂಡಕ್ಕೆ ಎಷ್ಟು ಅಂಕ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಮುಂದಿನ ವಾರ ನಮ್ಮ ತಾಲ್ಲೂಕು ಮಟ್ಟದ ಪ್ರೌಢಶಾಲಾ ಕ್ರೀಡಾಕೂಟ ಇದೆ. ಉದ್ಘಾಟನೆಯ ದಿನ ನಡೆಯುವ ಪಥಸಂಚಲನಕ್ಕೆ ಮೂವರು ತೀರ್ಪುಗಾರರು. ಅವರಲ್ಲಿ ನನ್ನ ಹೆಸರನ್ನೂ ಸೇರಿಸಿದ್ದಾರೆ. ನನಗೂ ಮೈದಾನಕ್ಕೂ ಅಷ್ಟಕ್ಕಷ್ಟೆ. ಕಾರ್ಯಕ್ರಮ ನಿರೂಪಣೆ ಮಾಡುತ್ತೇನೆ ಅನ್ನುವುದು ಬಿಟ್ಟರೆ ಬೇರೆ ಅರ್ಹತೆ ಇಲ್ಲ.

ಕಳೆದ ವರ್ಷ ಮೊದಲ ಬಹುಮಾನ ಪೇಟೆಯ ಒಂದು ಖಾಸಗಿ ಶಾಲೆಗೆ ಹೋಯಿತು. ಅವರಿಗೆ ಸ್ವಂತ ಬ್ಯಾಂಡ್ ಸೆಟ್ ಇದೆ, ಬಿಳಿ ಶೂ, ಬಿಳಿ ಗ್ಲೌಸ್ ಇವೆ. ಕವಾಯತು ಕಲಿಸಲು ನಿವೃತ್ತ ಯೋಧರೊಬ್ಬರು ಬರುತ್ತಾರೆ. ನಮ್ಮ ಮಕ್ಕಳಲ್ಲಿ ಕೆಲವರು ಬರಿಗಾಲಲ್ಲೇ ನಡೆದರು. ಸಂಜೆ ಒಂಬತ್ತನೇ ಕ್ಲಾಸಿನ ಹುಡುಗಿ ಬಂದು, ‘ನಾವೂ ಚೆನ್ನಾಗೇ ನಡದ್ವಲ್ಲ ಮಿಸ್, ಏನ್ ತಪ್ಪಾಯ್ತು?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲ ಟ್ರೋಫಿಯನ್ನು ದಾನವಾಗಿ ಕೊಡುತ್ತಿರುವವರು ಅದೇ ಶಾಲೆಯ ಆಡಳಿತ ಮಂಡಳಿಯವರು. ನಮ್ಮ ಶಾಲೆಯ ತಂಡವೂ ಸ್ಪರ್ಧೆಯಲ್ಲಿದೆ. ಸಾಲದ್ದಕ್ಕೆ, ಹೋದ ಸಲದ ಉದ್ಘಾಟನೆಯ ವಿಡಿಯೊವನ್ನು ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಹಾಕಿದ್ದರು. ಕೈಕೊಟ್ಟ ಮೈಕು, ಜೋತುಬಿದ್ದ ಶಾಮಿಯಾನ, ಹತ್ತದೇ ಹೋದ ಕ್ರೀಡಾಜ್ಯೋತಿ ನೋಡಿ ಎಲ್ಲರೂ ನಕ್ಕರು. ಆ ನಗು ಮಕ್ಕಳನ್ನು ನೋಡಿ ನಕ್ಕಂತೆ ನನಗೆ ಕೇಳಿಸಿತು.

ಬಡ ಮಕ್ಕಳಿಗೆ ನಾಲ್ಕು ಅಂಕ ಹೆಚ್ಚಿಗೆ ಹಾಕಿದರೆ ತಪ್ಪೇ? ಹಾಕದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಅಥವಾ ಈ ಕೆಲಸವೇ ಬೇಡವೆಂದು ಹಿಂದೆ ಸರಿಯಲೇ?

— ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಕಡೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ಅದಕ್ಕೆ ದಿನ ಕಡಿಮೆ ಇದೆ. ನಿಮ್ಮದೇ ಶಾಲೆಯ ಮಕ್ಕಳು ನಡೆಯುವ ಸ್ಪರ್ಧೆಗೆ ನೀವು ಅಂಕ ಹಾಕಬಾರದು. ‘ನಮ್ಮ ಶಾಲೆ ಬಂದಾಗ ಪೆನ್ನು ಕೆಳಗಿಡುತ್ತೇನೆ’ ಎಂದರೆ ಸಾಲದು. ಉಳಿದ ಶಾಲೆಗಳಿಗೆ ನೀವು ಹಾಕುವ ಒಂದೊಂದು ಅಂಕವೂ ನಿಮ್ಮ ಮಕ್ಕಳ ಸ್ಥಾನವನ್ನು ಮೇಲೆ ಕೆಳಗೆ ಮಾಡುತ್ತದೆ. ನಾಳೆಯೇ ಸಂಘಟಕರ ಬಳಿ ಹೋಗಿ, ನಿಮ್ಮ ಜಾಗಕ್ಕೆ ಯಾವ ಶಾಲೆಗೂ ಸೇರದ ಒಬ್ಬರನ್ನು ಹುಡುಕಲು ಹೇಳಿ. ಪಕ್ಕದ ಪದವಿ ಕಾಲೇಜಿನ ಎನ್‌ಸಿಸಿ ಅಧಿಕಾರಿ, ಗೃಹರಕ್ಷಕ ದಳದವರು, ಪೊಲೀಸ್ ಠಾಣೆಯ ಒಬ್ಬ ಎಎಸ್‌ಐ, ಹೀಗೆ ಕವಾಯತು ಬಲ್ಲವರು ಯಾವ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ಒಂದು ದಿನದ ಮಟ್ಟಿಗೆ ಅವರು ಸಂತೋಷವಾಗಿ ಬರುತ್ತಾರೆ, ಖರ್ಚೂ ಇಲ್ಲ.

ಆದರೆ ಕುರ್ಚಿ ಬಿಟ್ಟುಕೊಟ್ಟು ಮನೆಗೆ ಹೋಗಬೇಡಿ. ‘ಅಂಕಪಟ್ಟಿ ನಾನು ಬರೆದುಕೊಡುತ್ತೇನೆ, ಕೂಡಿಸುವ ಕೆಲಸ ನಾನು ಮಾಡುತ್ತೇನೆ’ ಎಂದು ಹೇಳಿ. ಪಥಸಂಚಲನದಲ್ಲಿ ನ್ಯಾಯ ಅನ್ಯಾಯ ತೀರ್ಮಾನವಾಗುವುದು ತಂಡಗಳು ವೇದಿಕೆಯ ಮುಂದೆ ಬಂದಾಗ ಅಲ್ಲ, ಅಂಕಪಟ್ಟಿಯಲ್ಲಿ ಏನಿದೆ ಏನಿಲ್ಲ ಎಂದು ನಿರ್ಧಾರವಾದ ದಿನವೇ. ನಮ್ಮ ಬಹುತೇಕ ಕೂಟಗಳಲ್ಲಿ ಅಂಥ ಪಟ್ಟಿಯೇ ಇರುವುದಿಲ್ಲ. ತೀರ್ಪುಗಾರರ ಕೈಗೆ ಒಂದು ಬಿಳಿ ಹಾಳೆ ಕೊಟ್ಟು, ‘ನೋಡಿ ಹಾಕ್ಬಿಡಿ ಸರ್, ಹತ್ತಕ್ಕೆ’ ಎನ್ನುತ್ತಾರೆ. ಹತ್ತಕ್ಕೆ ಹಾಕು ಎಂದರೆ ಕಣ್ಣು ಮೊದಲು ಹೋಗುವುದು ಬಿಳಿ ಶೂ ಮೇಲೇ. ಹೋದ ವರ್ಷದ ತೀರ್ಪುಗಾರರು ಲಂಚ ತಿಂದಿರಬೇಕೆಂದು ಊಹಿಸುವ ಅಗತ್ಯವಿಲ್ಲ. ಏನನ್ನು ನೋಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹಾಗಾದರೆ ಏನನ್ನು ನೋಡಬೇಕು? ಒಂದು ತಂಡ ನಿಮ್ಮ ಮುಂದೆ ಹಾದುಹೋಗುವಾಗ ಕಾಣುವುದರಲ್ಲಿ ಅರ್ಧ ಅಂಗಡಿಯಿಂದ ಬಂದದ್ದು, ಅರ್ಧ ಮಕ್ಕಳ ಕಾಲಿನಿಂದ ಬಂದದ್ದು. ಶೂ, ಗ್ಲೌಸ್, ಬ್ಯಾಂಡು, ಜರಿಯ ಬಾವುಟ ಅಂಗಡಿಯವು. ಹೆಜ್ಜೆ, ಸಾಲು, ಅಂತರ, ತಿರುವು, ನಾಯಕಿಯ ಧ್ವನಿ, ‘ದಹಿನೇ ದೇಖ್’ ಎಂದ ಕ್ಷಣ ಒಟ್ಟಿಗೆ ಹೊರಳುವ ಕತ್ತು, ಇವು ಮಕ್ಕಳವು. ಎರಡನೆಯದಕ್ಕೆ ಮಾತ್ರ ಅಂಕವಿಡಿ. 50 ಅಂಕದ ಪಟ್ಟಿಯಾದರೆ ಹೆಜ್ಜೆ ಮತ್ತು ಕೈಬೀಸಿಗೆ 15, ಸಾಲು ಮತ್ತು ಅಂತರಕ್ಕೆ 10, ತಿರುವಿಗೆ 10, ನಾಯಕರ ಆಜ್ಞೆ ಮತ್ತು ವಂದನೆಗೆ 10 ಇಡಬಹುದು. ಉಳಿದ 5 ಉಡುಪಿನ ಅಚ್ಚುಕಟ್ಟಿಗೆ. ಅಚ್ಚುಕಟ್ಟು ಎಂದರೆ ಒಗೆದ ಬಟ್ಟೆ, ಹಾಕಿದ ಗುಂಡಿ, ಬಾಚಿದ ತಲೆ. ಹರಿದದ್ದನ್ನು ಹೊಲಿದು ತೊಟ್ಟ ಅಂಗಿಗೂ ಪೂರ್ತಿ 5 ಸಿಗಬೇಕು. ಪಟ್ಟಿಯ ಕೆಳಗೆ ಒಂದು ಸಾಲು ಸ್ಪಷ್ಟವಾಗಿ ಬರೆಯಿಸಿ: ಪಾದರಕ್ಷೆ, ಗ್ಲೌಸ್, ವಾದ್ಯಗಳಿಗೆ ಅಂಕವಿಲ್ಲ. ಈ ಪಟ್ಟಿ ಕೂಟಕ್ಕೆ ಮೊದಲೇ ಎಲ್ಲ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರ ಕೈ ಸೇರಬೇಕು. ಆಗ ಖಾಸಗಿ ಶಾಲೆಯವರಿಗೂ ಮೋಸವಾಗುವುದಿಲ್ಲ. ಯಾವುದರ ಮೇಲೆ ಬೆವರು ಹರಿಸಬೇಕೆಂದು ಅವರಿಗೂ ಗೊತ್ತಿರುತ್ತದೆ.

ಬರಿಗಾಲಿನ ಬಗ್ಗೆ ಒಂದು ಸೂಕ್ಷ್ಮವಿದೆ. ಅದನ್ನು ನಿಮ್ಮ ಬದಲಿಗೆ ಕೂರುವವರಿಗೆ ತಪ್ಪದೇ ಹೇಳಿ. ಶೂ ಹಾಕಿದ ಇಪ್ಪತ್ತು ಕಾಲು ಒಟ್ಟಿಗೆ ನೆಲಕ್ಕೆ ಬಿದ್ದರೆ ಧಪ್ ಎಂದು ಸದ್ದಾಗುತ್ತದೆ. ಬರಿಗಾಲು ಎಷ್ಟೇ ಒಟ್ಟಿಗೆ ಬಿದ್ದರೂ ಮಣ್ಣಿನ ಮೈದಾನದಲ್ಲಿ ಸದ್ದೇ ಬರುವುದಿಲ್ಲ. ತೀರ್ಪುಗಾರರು ತಮಗೆ ಗೊತ್ತಿಲ್ಲದೇ ಕಿವಿಯಿಂದ ಅಂಕ ಹಾಕುತ್ತಾರೆ. ಸದ್ದು ಬಂದ ಕಡೆ ಶಿಸ್ತು ಇದೆ ಅನ್ನಿಸುತ್ತದೆ. ಹಾಗಾಗಿ ಹೆಜ್ಜೆಯನ್ನು ಕಣ್ಣಿನಿಂದಲೇ ನೋಡಬೇಕು, ಅದೂ ಪಕ್ಕದಿಂದ, ಮಂಡಿಯ ಮಟ್ಟದಲ್ಲಿ. ಎಲ್ಲ ಮಂಡಿಗಳೂ ಒಂದೇ ಸಲ ಮಡಚುತ್ತಿವೆಯೇ ಎಂಬುದೊಂದೇ ಪ್ರಶ್ನೆ.

ಬ್ಯಾಂಡಿನ ವಿಷಯವೂ ಇಷ್ಟೇ ಸೂಕ್ಷ್ಮ. ‘ತೇಜ್ ಚಲ್’ ನಡಿಗೆಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಅಂದರೆ ಅರ್ಧ ಸೆಕೆಂಡಿಗೆ ಒಂದು ಹೆಜ್ಜೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಡ್ರಮ್ಮಿನಿಂದ 85 ಮೀಟರ್ ಹಿಂದಿರುವ ತಂಡಕ್ಕೆ ಪೆಟ್ಟು ಕಾಲು ಸೆಕೆಂಡು ತಡವಾಗಿ ಕೇಳುತ್ತದೆ. ಮುಂದಿನ ತಂಡದ ಎಡಗಾಲು ನೆಲದಲ್ಲಿದ್ದಾಗ ಇವರ ಎಡಗಾಲು ಇನ್ನೂ ಗಾಳಿಯಲ್ಲಿರುತ್ತದೆ. ವೇದಿಕೆಯ ಮೇಲಿನಿಂದ ನೋಡಿದವರಿಗೆ ‘ಹಿಂದಿನವರು ಹೆಜ್ಜೆ ತಪ್ಪಿದರು’ ಎಂದು ಕಾಣುತ್ತದೆ. ಆ ಮಕ್ಕಳು ತಪ್ಪಿರುವುದಿಲ್ಲ, ತಮಗೆ ಕೇಳಿಸಿದ ಪೆಟ್ಟಿಗೆ ಸರಿಯಾಗಿಯೇ ನಡೆಯುತ್ತಿರುತ್ತಾರೆ. ಸ್ವಂತ ಬ್ಯಾಂಡಿರುವ ಶಾಲೆಗೆ ಈ ತೊಂದರೆ ಇಲ್ಲ, ಡ್ರಮ್ಮು ಅವರ ಎದುರಿಗೇ ಇರುತ್ತದೆ. ಈ ಒಂದು ಕಾರಣದಿಂದಲೇ ಬಹುಮಾನ ಕೈತಪ್ಪಿದ ತಂಡಗಳು ನಮ್ಮ ರಾಜ್ಯದಲ್ಲಿ ಎಷ್ಟಿವೆಯೋ! ಪರಿಹಾರ ಸುಲಭ. ಅಂಕ ಹಾಕುವ ಜಾಗದ ಪಕ್ಕದಲ್ಲೇ ಒಬ್ಬ ಡ್ರಮ್ಮಿನವನು ನಿಲ್ಲಲಿ, ಎಲ್ಲ ತಂಡಕ್ಕೂ ಅವನ ಪೆಟ್ಟೇ ತಾಳ. ಬ್ಯಾಂಡಿನ ಶಾಲೆ ಮೈದಾನದ ಉಳಿದ ಭಾಗದಲ್ಲಿ ಬಾರಿಸಿಕೊಳ್ಳಲಿ, ಆ ಜಾಗಕ್ಕೆ ಬಂದಾಗ ನಿಲ್ಲಿಸಲಿ. ಊರಲ್ಲಿ ಹಲಗೆ ಬಾರಿಸುವವರಿದ್ದರೆ ಇನ್ನೂ ಚೆನ್ನ, ಹಲಗೆಯ ಪೆಟ್ಟು ಮೈದಾನದ ತುದಿಯವರೆಗೂ ಹರಿತವಾಗಿ ಕೇಳುತ್ತದೆ. ಯಾವ ತಂಡವಾದರೂ ಅದನ್ನು ಅದರದೇ ಸಾಲಿನ ಜೊತೆ ಹೋಲಿಸಬೇಕು, ಮುಂದಿನ ತಂಡದ ಜೊತೆ ಅಲ್ಲ.

ತೀರ್ಪುಗಾರರನ್ನು ವೇದಿಕೆಯಿಂದ ಕೆಳಗಿಳಿಸಿ. ಗಣ್ಯರ ಪಕ್ಕದ ಕುರ್ಚಿಯಲ್ಲಿ ಕೂತರೆ ಹಾರ, ಹೂಗುಚ್ಛ, ಮೈಕ್ ಸ್ಟ್ಯಾಂಡಿನ ಸಂದಿಯಲ್ಲಿ ಮಕ್ಕಳ ತಲೆ ಮಾತ್ರ ಕಾಣುತ್ತದೆ. ಒಬ್ಬರು ವಂದನೆ ಸ್ವೀಕರಿಸುವ ಜಾಗದ ಎದುರುಬದಿಯಲ್ಲಿ ನಿಲ್ಲಲಿ. ಇನ್ನೊಬ್ಬರು ಸ್ವಲ್ಪ ಮುಂದೆ ನಿಂತು ಸಾಲುಗಳನ್ನು ಓರೆಯಾಗಿ ನೋಡಲಿ. ಮೂರನೆಯವರು, ಕವಾಯತು ಚೆನ್ನಾಗಿ ಬಲ್ಲವರು, ಮೈದಾನದ ಮೂಲೆಯ ತಿರುವಿನಲ್ಲಿರಲಿ. ತಿರುವಿಗೆ 10 ಅಂಕ ಇಡಿ ಎಂದದ್ದು ಇದಕ್ಕೇ. ನೇರ ದಾರಿಯಲ್ಲಿ ಯಾರು ಬೇಕಾದರೂ ಚೆಂದ ನಡೆಯುತ್ತಾರೆ. ತಿರುವಿನಲ್ಲಿ ಒಳಬದಿಯ ಮಗು ಹೆಜ್ಜೆ ಕಿರಿದು ಮಾಡಬೇಕು, ಹೊರಬದಿಯದು ಉದ್ದ ಮಾಡಬೇಕು, ನಡುವಿನವರು ಎರಡೂ ಕಡೆ ಗಮನವಿಟ್ಟು ಸಾಲು ಕಾಯಬೇಕು. ಇದು ದುಡ್ಡಿಗೆ ಬರುವುದಿಲ್ಲ. ಪ್ರಾರ್ಥನೆ ಮುಗಿದ ಮೇಲೆ, ಸಂಜೆ ಬಸ್ಸಿಗೆ ಮೊದಲು, ಶಾಲೆಯ ಮುಂದಿನ ಸಣ್ಣ ಬಯಲಲ್ಲಿ ಮತ್ತೆ ಮತ್ತೆ ನಡೆದವರಿಗಷ್ಟೇ ಬರುತ್ತದೆ. ನಿಮ್ಮ ಮಕ್ಕಳು ಹಾಗೆ ನಡೆದಿದ್ದರೆ ಅದು ಮೂಲೆಯಲ್ಲಿ ಕಂಡೇ ಕಾಣುತ್ತದೆ. ವೇದಿಕೆಯಿಂದ ಆ ಮೂಲೆ ಕಾಣುವುದಿಲ್ಲ, ಅಷ್ಟೆ.

ತಂಡಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ಮೊದಲು ಬಂದ ತಂಡಕ್ಕೆ ಎಲ್ಲರ ಕೈಯೂ ಬಿಗಿಯಾಗಿರುತ್ತದೆ, ‘ಮುಂದೆ ಇನ್ನೂ ಒಳ್ಳೆಯವರು ಬರಬಹುದು’ ಎಂದು. ತಂಡದ ಗಾತ್ರವೂ ಒಂದೇ ಇರಲಿ. ಒಟ್ಟು ನಲವತ್ತು ಮಕ್ಕಳಿರುವ ಹಳ್ಳಿ ಶಾಲೆ ಮೂವತ್ತು ಜನರ ತಂಡ ಕಟ್ಟಲಾರದು. ನಾಯಕ, ಧ್ವಜಧಾರಿ ಬಿಟ್ಟು ಹನ್ನೆರಡು ಮಕ್ಕಳು ಎಂದು ಗೊತ್ತುಮಾಡಿದರೆ ಎಲ್ಲರಿಗೂ ಸಾಧ್ಯ.

ಇನ್ನು ನೀವು ಸಂಕೋಚದಿಂದ ಕೇಳಿದ ಪ್ರಶ್ನೆ. ಬಡ ಮಕ್ಕಳಿಗೆ ನಾಲ್ಕು ಅಂಕ ಹೆಚ್ಚು ಹಾಕಬಹುದೇ?

ಬೇಡ, ಖಂಡಿತ ಬೇಡ. ನಿಮ್ಮ ಮನಸ್ಸಿನ ಮೃದುತ್ವವನ್ನು ನಾನು ಗೌರವಿಸುತ್ತೇನೆ. ಆದರೂ ಈ ವಿಷಯದಲ್ಲಿ ನಿಮ್ಮ ಜೊತೆ ನಿಲ್ಲಲಾರೆ. ಕರುಣೆಯಿಂದ ಬಂದ ಬಹುಮಾನ ಕರುಣೆಯದು ಎಂದು ಮಕ್ಕಳಿಗೆ ಗೊತ್ತಾಗದೇ ಇರುವುದಿಲ್ಲ. ಹದಿನಾಲ್ಕು ಹದಿನೈದು ವರ್ಷದವರಿಗೆ ಅದು ಸೋಲಿಗಿಂತ ಹೆಚ್ಚು ಚುಚ್ಚುತ್ತದೆ. ‘ಪಾಪ ಅಂತ ಕೊಟ್ರು’ ಎಂಬ ಮಾತು ಟ್ರೋಫಿಯ ಜೊತೆಗೇ ಊರಿಗೆ ಬರುತ್ತದೆ. ನಿಮ್ಮ ಆ ಹುಡುಗಿ ನಿಮ್ಮನ್ನು ಕೇಳಿದ್ದು ಕನಿಕರವನ್ನಲ್ಲ. ಏನು ತಪ್ಪಾಯಿತು ಎಂದು ತಿಳಿಸಿ ಅಂದಳು. ಅವಳು ತನ್ನನ್ನು ಸ್ಪರ್ಧಿಯಂತೆ ಕಾಣುತ್ತಿದ್ದಾಳೆ. ನಾವೂ ಹಾಗೇ ಕಾಣಬೇಕು.

1948ರ ಲಂಡನ್ ಒಲಿಂಪಿಕ್ಸ್ ನೆನೆಸಿಕೊಳ್ಳಿ. ಸ್ವತಂತ್ರ ಭಾರತ ತನ್ನ ಬಾವುಟ ಹಿಡಿದು ನಡೆದ ಮೊದಲ ಒಲಿಂಪಿಕ್ಸ್ ಅದು. ಧ್ವಜ ಹಿಡಿದವರು ಫುಟ್‌ಬಾಲ್ ತಂಡದ ನಾಯಕ, ನಾಗಾ ನಾಡಿನ ತಾಲಿಮೆರೆನ್ ಆವೊ. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು. ಎರಡು ದಿನದ ಮೇಲೆ, ಜುಲೈ 31ರಂದು, ಫ್ರಾನ್ಸ್ ವಿರುದ್ಧದ ಪಂದ್ಯಕ್ಕೆ ನಮ್ಮ ಆಟಗಾರರಲ್ಲಿ ಬಹುಪಾಲು ಜನ ಬೂಟಿಲ್ಲದೆ ಇಳಿದರು. ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು, ಪಂದ್ಯ 2–1ರಲ್ಲಿ ಕೈತಪ್ಪಿತು. ಎರಡು ಪೆನಾಲ್ಟಿ ಅವಕಾಶಗಳನ್ನು ನಮ್ಮವರು ಕಳೆದುಕೊಂಡಿದ್ದರು. ಬರಿಗಾಲಲ್ಲಿ ಆಡಿದರೆಂದು ರೆಫರಿ ಒಂದು ಗೋಲು ಸೇರಿಸಿ ಕೊಡಲಿಲ್ಲ, ಬರಿಗಾಲಲ್ಲಿ ಹೊಡೆದದ್ದೆಂದು ಒಂದನ್ನು ಕಳೆಯಲೂ ಇಲ್ಲ. ಆ ಆಟಗಾರರು ಇವತ್ತಿಗೂ ಗೌರವದಿಂದ ನೆನಪಿನಲ್ಲಿರುವುದು ಹಾಗಾಗಿಯೇ.

ಖಾಸಗಿ ಶಾಲೆಯ ಮಕ್ಕಳ ಪರವಾಗಿಯೂ ಎರಡು ಮಾತು ಹೇಳಬೇಕು. ಅವರು ತಮ್ಮ ಶಾಲೆಯ ಶುಲ್ಕವನ್ನು ತಾವು ಗೊತ್ತುಮಾಡಿದವರಲ್ಲ. ನಿವೃತ್ತ ಯೋಧರು ಕಲಿಸಿದ್ದನ್ನು ಬಿಸಿಲಲ್ಲಿ ನಡೆದು ಮೈಗೂಡಿಸಿಕೊಂಡವರು ಆ ಮಕ್ಕಳೇ. ನಿಮ್ಮ ಪಟ್ಟಿಯ ಪ್ರಕಾರ ಅವರೇ ಚೆನ್ನಾಗಿ ನಡೆದರೆ ಬಹುಮಾನ ಅವರದ್ದೇ. ಆಗಲೂ ನಿಮ್ಮ ಪಟ್ಟಿ ಸೋತಂತಲ್ಲ.

ಟ್ರೋಫಿಯ ದಾನಿಗಳ ಕಡೆಯಿಂದ ಹಿಂದಿನ ರಾತ್ರಿ ಯಾರಿಗಾದರೂ ಫೋನ್ ಬರಬಹುದು, ಬಾರದೆಯೂ ಇರಬಹುದು. ಬಂದರೆ ಜಗಳ ಬೇಡ. ‘ಸರ್, ಅಂಕಪಟ್ಟಿ ನಿಮ್ಮ ಪಿಟಿ ಮೇಷ್ಟ್ರ ಹತ್ತಿರ ಇದೆ, ಅದರ ಪ್ರಕಾರವೇ ಆಗುತ್ತೆ’ ಎಂದಷ್ಟೇ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಪೆನ್ಸಿಲ್ ಬಳಸುವುದು ಬೇಡ. ಕೊನೆಯ ತಂಡ ದಾಟಿದ ಕೂಡಲೇ ಮೈದಾನದಲ್ಲೇ ಕೂಡಿಸಿ, ಮೂವರೂ ಸಹಿ ಹಾಕಿ, ಪಟ್ಟಿಯ ಒಂದು ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿಬಿಡಿ. ಸಮಾರೋಪದವರೆಗೆ ಗುಟ್ಟಾಗಿಟ್ಟ ಫಲಿತಾಂಶದ ಸುತ್ತ ಇಲ್ಲದ ಅನುಮಾನವೆಲ್ಲ ಬೆಳೆಯುತ್ತದೆ.

ಸಾಧ್ಯವಾದರೆ ಇನ್ನೊಂದು ಮಾಡಿಸಿ. ಮಕ್ಕಳು ಪ್ರತಿಜ್ಞೆ ಸ್ವೀಕರಿಸಿದ ಮೇಲೆ ತೀರ್ಪುಗಾರರೂ ಮಕ್ಕಳ ಎದುರು ಪ್ರತಿಜ್ಞೆ ಮಾಡಲಿ. ಕ್ರೀಡಾಪಟುಗಳ ಪ್ರತಿಜ್ಞೆ ಒಲಿಂಪಿಕ್ಸ್‌ನಲ್ಲಿ ಶುರುವಾದದ್ದು 1920ರಲ್ಲಿ, ಆಂಟ್‌ವರ್ಪ್‌ನಲ್ಲಿ. ತೀರ್ಪುಗಾರರ ಪ್ರತಿಜ್ಞೆ ಬರಲು 1972ರವರೆಗೆ ಕಾಯಬೇಕಾಯಿತು. ನಮ್ಮ ಶಾಲಾ ಕೂಟಗಳಲ್ಲಿ ಮಕ್ಕಳಿಂದ ಪ್ರಾಮಾಣಿಕತೆಯ ಮಾತು ಹೇಳಿಸುತ್ತೇವೆ, ದೊಡ್ಡವರಿಂದ ಹೇಳಿಸುವುದಿಲ್ಲ. ಒಳ್ಳೆಯ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ನಿಮಗಿಂತ ಯೋಗ್ಯರು ಆ ಮೈದಾನದಲ್ಲಿ ಸಿಗಲಾರರು.

ವಾಟ್ಸ್‌ಆ್ಯಪ್ ವಿಡಿಯೊ ನಿಮ್ಮನ್ನು ಯಾಕೆ ನೋಯಿಸಿತೆಂದು ನನಗೆ ಅರ್ಥವಾಗುತ್ತದೆ. ನಕ್ಕವರು ಕಾರ್ಯಕ್ರಮವನ್ನು ಅದರ ಸಾಮಾನಿನಿಂದ ಅಳೆದರು. ಮೇಲೆ ಹೇಳಿದ ಲಂಡನ್ ಕೂಟವೂ ಯುದ್ಧ ಮುಗಿದ ಮೇಲಿನ ಅಭಾವದ ದಿನಗಳಲ್ಲಿ ನಡೆದದ್ದು. ಹೊಸ ಕ್ರೀಡಾಂಗಣ ಕಟ್ಟಲಿಲ್ಲ. ಗಂಡಸರಿಗೆ ಸೈನ್ಯದ ಬಿಡಾರಗಳಲ್ಲೂ ಹೆಂಗಸರಿಗೆ ಕಾಲೇಜುಗಳಲ್ಲೂ ಉಳಿಯಲು ಜಾಗ ಕೊಟ್ಟರು. ಟವೆಲ್ ಕೂಡ ಅವರವರೇ ತರಬೇಕಿತ್ತು. ಆ ಕೂಟವನ್ನು ಇವತ್ತು ಯಾರೂ ಕಳಪೆ ಎನ್ನುವುದಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಮುಗಿಯುವ ಕೆಲವೇ ದಿನ ಮೊದಲು ಜಾನ್ ಇಯನ್ ವಿಂಗ್ ಎಂಬ 17 ವರ್ಷದ ಹುಡುಗ, ಬಡಗಿ ಕೆಲಸ ಕಲಿಯುತ್ತಿದ್ದವನು, ಸಂಘಟಕರಿಗೆ ಒಂದು ಪತ್ರ ಬರೆದ. ಸಮಾರೋಪದಲ್ಲಿ ದೇಶ ದೇಶವಾಗಿ ನಡೆಯುವುದು ಬೇಡ, ಎಲ್ಲ ಕ್ರೀಡಾಪಟುಗಳೂ ಬೆರೆತು ಒಂದೇ ಗುಂಪಾಗಿ ಬರಲಿ ಎಂದ. ಸಂಘಟಕರು ಒಪ್ಪಿದರು. ಇವತ್ತಿನವರೆಗೂ ಸಮಾರೋಪ ಹಾಗೇ ನಡೆಯುತ್ತಿದೆ. ಆ ಬದಲಾವಣೆಗೆ ತಗುಲಿದ ಖರ್ಚು ಒಂದು ಅಂಚೆಚೀಟಿಯದು.

ಉದ್ಘಾಟನೆ ಚೆನ್ನಾಗಿತ್ತೋ ಇಲ್ಲವೋ ಎಂದು ನೋಡಲು ನನ್ನ ಬಳಿ ಒಂದೇ ಅಳತೆ ಇದೆ: ಆ ಒಂದೂವರೆ ಎರಡು ಗಂಟೆ ಮಕ್ಕಳನ್ನು ಹೇಗೆ ನಡೆಸಿಕೊಂಡರು? ಮೈಕ್ ಕೈಕೊಟ್ಟರೆ ಯಾರಾದರೂ ಗಟ್ಟಿಯಾಗಿ ಕೂಗಿ ಹೇಳಬಹುದು. ಜ್ಯೋತಿ ಹತ್ತದಿದ್ದರೆ ಬಟ್ಟೆ ಬದಲಿಸಿ ಮತ್ತೆ ಎಣ್ಣೆಯಲ್ಲಿ ಅದ್ದಬಹುದು. ಮರೆಯಬಾರದ್ದು ಬೇರೆ ಇದೆ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಎರಡು ಬಸ್ಸು ಬದಲಿಸಿ, ಏನೂ ತಿನ್ನದೆ ಬಂದ ಮಕ್ಕಳನ್ನು ಒಂಬತ್ತರಿಂದ ಹನ್ನೊಂದರವರೆಗೆ ಬಿಸಿಲಲ್ಲಿ ಸಾಲಾಗಿ ನಿಲ್ಲಿಸುತ್ತೇವೆ. ನೆರಳಲ್ಲಿ ಕೂತ ಗಣ್ಯರಿಗೆ ಒಬ್ಬೊಬ್ಬರಿಗೂ ಶಾಲು ಹಾರ ಹಾಕುತ್ತೇವೆ, ಎಲ್ಲರೂ ಭಾಷಣ ಮಾಡುತ್ತಾರೆ. ಅಷ್ಟರಲ್ಲಿ ಇಬ್ಬರು ಮಕ್ಕಳು ತಲೆಸುತ್ತಿ ಬೀಳುತ್ತಾರೆ. ಅದರಲ್ಲಿ ಒಬ್ಬಳು ಮುಂದಿನ ಅರ್ಧ ಗಂಟೆಯಲ್ಲಿ 1500 ಮೀಟರ್ ಓಡಬೇಕಾದವಳು. ಇದನ್ನು ಯಾರೂ ವಿಡಿಯೊ ಮಾಡಿ ಗುಂಪಿಗೆ ಹಾಕುವುದಿಲ್ಲ. ಕೋಪ ಬರಬೇಕಾದದ್ದು ಇದಕ್ಕೆ. ಸಂಘಟಕರ ಸಭೆಯಲ್ಲಿ ಕೇಳಿ: ತಂಡಗಳು ಬಂದ ಕೂಡಲೇ ಉಪ್ಪಿಟ್ಟೋ ಚಿತ್ರಾನ್ನವೋ ಸಿಗಲಿ. ಪ್ರತಿಜ್ಞೆ ಮುಗಿದ ತಕ್ಷಣ ಮಕ್ಕಳನ್ನು ಕೂರಿಸಲಿ. ಭಾಷಣ ಒಬ್ಬರದ್ದೇ ಇರಲಿ, ಐದು ನಿಮಿಷ. ಹಾರದ ದುಡ್ಡಿನಲ್ಲಿ ಕುಡಿಯುವ ನೀರಿನ ಇನ್ನೊಂದು ಡ್ರಮ್ ಬರುತ್ತದೆ. ಬಿಇಒ ಅವರಿಗೆ ನೀವೊಬ್ಬರೇ ಹೇಳಲು ಹಿಂಜರಿಕೆಯಾದರೆ ದೈಹಿಕ ಶಿಕ್ಷಣ ಶಿಕ್ಷಕರ ಜೊತೆ ಹೋಗಿ. ಅವರು ಇದನ್ನು ಬಹಳ ದಿನದಿಂದ ಹೇಳಬೇಕೆಂದು ಕಾಯುತ್ತಿರುತ್ತಾರೆ, ಜೊತೆಗೊಬ್ಬರು ಬೇಕಿರುತ್ತದೆ.

ಫಲಿತಾಂಶ ಬಂದ ಮೇಲೂ ನಿಮಗೊಂದು ಕೆಲಸ ಉಳಿದಿರುತ್ತದೆ. ಅಂಕಪಟ್ಟಿಯಲ್ಲಿ ಪ್ರತಿ ತಂಡದ ಮುಂದೆ ಎರಡು ಸಾಲು ಬರೆಯಲು ಜಾಗ ಬಿಟ್ಟಿರಿ. ತೀರ್ಪುಗಾರರು ಅಲ್ಲಿ ಕಂಡದ್ದನ್ನು ಬರೆಯಲಿ: ‘ವಂದನೆ ಒಟ್ಟಿಗಿತ್ತು, ನಾಯಕಿಯ ಧ್ವನಿ ಹಿಂದಿನ ಸಾಲಿಗೆ ಕೇಳಲಿಲ್ಲ.’ ‘ತಿರುವಿನಲ್ಲಿ ಮೂರನೇ ಸಾಲು ಒಡೆಯಿತು, ಹೊರಬದಿಯಲ್ಲಿ ಉದ್ದ ಕಾಲಿನವರನ್ನು ನಿಲ್ಲಿಸಿ.’ ಆ ಎರಡು ಸಾಲನ್ನು ನಕಲು ಮಾಡಿ ಸಂಜೆಯೊಳಗೆ ಆಯಾ ಶಾಲೆಯವರ ಕೈಗೆ ಕೊಡಿ, ಗೆದ್ದವರಿಗೂ ಕೊಡಿ. ನಿಮ್ಮ ಶಾಲೆಯ ಚೀಟಿಯನ್ನು ನೀವು ಓದಿ ಹೇಳುವುದು ಬೇಡ. ಆ ಹುಡುಗಿ ಈಗ ಹತ್ತನೇ ಕ್ಲಾಸಿನಲ್ಲಿರಬೇಕಲ್ಲವೇ? ಅವಳ ಕೈಗೆ ಕೊಟ್ಟು, ತಂಡದವರನ್ನೆಲ್ಲ ಸೇರಿಸಿಕೊಂಡು ಓದಲು ಹೇಳಿ. ಮುಂದಿನ ವರ್ಷ ನಡೆಯುವ ಎಂಟು, ಒಂಬತ್ತನೇ ಕ್ಲಾಸಿನವರೂ ಆ ಗುಂಪಿನಲ್ಲಿರಲಿ.